ಹಳ್ಳದ ಗುಂಟ ಹೋಗುವ ಹಾದಿ: ‘ಹಳ್ಳ ಹಿಡಿದು ಹೋಗಿ’ ಅಂತ ಬರೆಯಬಹುದಾ?

ಗೆಳೆಯರೆ,

ನಾನಿರುವುದು ಅಮೆರಿಕದ ಅರಿಜೋನಾದಲ್ಲಿ. ಇಲ್ಲಿ ಅರವೈಪಾ ಕ್ಯಾನ್ಯನ್ ಅಂತ ಒಂದು ಜಾಗ ಇದೆ. ಫೀನಿಕ್ಸ್, ಟೂಸಾನ್ ಕಡೆಯ ಕನ್ನಡದವರು ಆಗಾಗ ಅಲ್ಲಿಗೆ ಚಾರಣ ಹೋಗುವುದುಂಟು. ಊರಿನಿಂದ ಬಂದಿರುವ ಅಪ್ಪ ಅಮ್ಮಂದಿರೂ ಒಂದಿಷ್ಟು ದೂರ ಜೊತೆಗೆ ನಡೆಯುತ್ತಾರೆ. ಎಲ್ಲರ ಕೈಗೂ ಕೊಡೋಣ ಅಂತ ದಾರಿಯ ಬಗ್ಗೆ ಕನ್ನಡದಲ್ಲಿ ಒಂದೆರಡು ಪುಟ ಬರೆಯುತ್ತಿದ್ದೇನೆ. ಅದರ ಮೊದಲ ಸೂಚನೆಯೇ ಹೀಗಿದೆ: ‘ಗಾಡಿ ನಿಲ್ಲಿಸಿ ಕೆಳಗಿಳಿಯಿರಿ. ಅಲ್ಲಿಂದ ಹಳ್ಳ ಹಿಡಿದು ಮೇಲಕ್ಕೆ ಹೋಗಿ.’

ವ್ಯಾಕರಣದಲ್ಲಿ ತಪ್ಪೇನಿಲ್ಲ. ‘ಈ ದಾರಿ ಹಿಡಿದು ಹೋಗಿ’ ಅನ್ನುತ್ತೇವೆ, ‘ಕಾಲುವೆ ಹಿಡಿದು ಹೋದರೆ ತೋಟ ಸಿಗುತ್ತದೆ’ ಅನ್ನುತ್ತೇವೆ. ಆದರೆ ‘ಹಳ್ಳ ಹಿಡಿ’ ಅಂದ ತಕ್ಷಣ ಕಿವಿಗೆ ಬೇರೆಯೇ ಕೇಳಿಸುತ್ತದೆ, ಅಲ್ವಾ? ಕಾಮಗಾರಿ ಹಳ್ಳ ಹಿಡಿಯಿತು, ತನಿಖೆ ಹಳ್ಳ ಹಿಡಿಯಿತು ಅಂತ ಪೇಪರಿನಲ್ಲಿ ದಿನಾ ಓದುತ್ತೇವೆ. ಕೆಟ್ಟುಹೋಯಿತು, ಇನ್ನು ದಡ ಸೇರುವುದಿಲ್ಲ ಅಂತ ಅರ್ಥ. ನಡೆಯಲು ಹೊರಟವರ ಕೈಗೆ ಕೊಡುವ ಮೊದಲ ಮಾತು ಅದಾಗುವುದು ನನಗೆ ಇಷ್ಟವಿಲ್ಲ. ನನ್ನ ಮೊದಲ ಪ್ರಶ್ನೆ ಇದು: ‘ಹಿಡಿದು’ ಎಂಬ ರೂಪದಲ್ಲಿ, ಮುಂದೆ ‘ಹೋಗಿ’ ಇದ್ದಾಗಲೂ ನಿಮಗೆ ಆ ಕೆಟ್ಟ ಅರ್ಥ ಬರುತ್ತದಾ? ಅಥವಾ ‘ಹಿಡಿಯಿತು’ ಅಂತ ವಾಕ್ಯ ಮುಗಿದಾಗ ಮಾತ್ರವಾ? ನನಗೆ ಎರಡರಲ್ಲೂ ಬರುತ್ತದೆ. ಎರಡನೆಯದರಲ್ಲಿ ಜಾಸ್ತಿ.

ಈ ನುಡಿಗಟ್ಟು ಹುಟ್ಟಿದ್ದು ಹೇಗೆ ಅನ್ನುವುದಕ್ಕೆ ನನ್ನದೊಂದು ಊಹೆ ಇದೆ. ಬಂಡಿ ದಾರಿ ಬಿಟ್ಟು ಹಳ್ಳಕ್ಕೆ ಇಳಿದರೆ ಮತ್ತೆ ಮೇಲೆತ್ತುವುದು ಕಷ್ಟ. ಹಳ್ಳ ಹಿಡಿಯುವುದು ಅಂದರೆ ಇದ್ದ ದಾರಿ ಬಿಡುವುದು. ಅರವೈಪಾದ ವಿಚಾರ ಪೂರ್ತಿ ಉಲ್ಟಾ. ಅಲ್ಲಿ ಹಳ್ಳವೇ ದಾರಿ.

ಜಾಗದ ಬಗ್ಗೆ ಸ್ವಲ್ಪ ಹೇಳದಿದ್ದರೆ ಪದ ಆರಿಸುವುದು ಆಗುವುದಿಲ್ಲ. ಕೊಳ್ಳದ ಉದ್ದ ಸುಮಾರು 12 ಮೈಲಿ, ಅಂದರೆ 19 ಕಿಲೋಮೀಟರ್. ಎರಡೂ ಕಡೆ ಬಂಡೆಯ ಗೋಡೆ, ಕೆಲವು ಕಡೆ 1,000 ಅಡಿಯವರೆಗೆ ಎದ್ದಿದೆ. ಮೇಲಿನ ಇಳಿಜಾರಿನಲ್ಲಿ ಸಗ್ವಾರೊ ಕಳ್ಳಿ, ಕೆಳಗೆ ನೀರಿನ ಪಕ್ಕ ಕಾಟನ್‌ವುಡ್, ಸಿಕಮೋರ್, ವಿಲೋ ಮರಗಳ ನೆರಳು. ಮರುಭೂಮಿಯ ನಡುವೆ ವರ್ಷವಿಡೀ ಹರಿಯುವ ನೀರು ಅದು. 1984ರಲ್ಲಿ ಇದನ್ನು ಕಾಯ್ದಿಟ್ಟ ವನ್ಯಪ್ರದೇಶ ಅಂತ ಸಾರಿದರು. ದಿನಕ್ಕೆ 50 ಜನರಿಗಷ್ಟೇ ಪರವಾನಗಿ: ಪಶ್ಚಿಮದ ಬಾಗಿಲಿನಿಂದ 30, ಪೂರ್ವದಿಂದ 20. ನಾಯಿ ಕರೆದುಕೊಂಡು ಹೋಗುವಂತಿಲ್ಲ. ಮುಖ್ಯ ಸಂಗತಿ ಏನೆಂದರೆ, ಒಳಗೆ ಕಟ್ಟಿದ ದಾರಿಯೇ ಇಲ್ಲ. ಕೈಮರ ಇಲ್ಲ, ಬಣ್ಣದ ಗುರುತೂ ಇಲ್ಲ. ಮರಳುದಿಬ್ಬದ ಮೇಲೆ ಸ್ವಲ್ಪ ದೂರ ಕಾಲು ಸವೆಸಿದ ಜಾಡು ಕಾಣುತ್ತದೆ. ಮುಂದೆ ನೀರು ಬಂದು ಬಂಡೆಗೇ ಒರಗಿ ಹರಿಯುತ್ತದೆ, ಜಾಡು ಅಲ್ಲಿಗೆ ಮುಗಿಯಿತು. ಆಚೆ ದಂಡೆಗೆ ಹಾಯಬೇಕು. ಅಲ್ಲೊಂದಿಷ್ಟು ನಡೆದರೆ ನೀರು ಆ ಬದಿಯ ಗೋಡೆಗೆ ಬಂದಿರುತ್ತದೆ, ಮತ್ತೆ ಈಚೆಗೆ ಬರಬೇಕು. ಪಾದ ಮುಳುಗುವಷ್ಟು ಒಂದು ಕಡೆ, ಮೊಣಕಾಲಿನವರೆಗೆ ಇನ್ನೊಂದು ಕಡೆ. ಬೂಟು ಬಿಚ್ಚುವ ಮಾತೇ ಇಲ್ಲ, ಹಾಕಿಕೊಂಡೇ ಇಳಿಯಬೇಕು. ಪಾಚಿ ಕಟ್ಟಿದ ಗುಂಡುಕಲ್ಲಿನ ಮೇಲೆ ಬರಿಗಾಲು ನಿಲ್ಲುವುದಿಲ್ಲ. ದೊಣ್ಣೆಯನ್ನು ನೀರು ಬರುವ ಕಡೆಗೆ ಊರಿ, ಅದು ಗಟ್ಟಿ ನಿಂತಿದೆ ಅನ್ನಿಸಿದ ಮೇಲೆ ಒಂದು ಕಾಲು ಎತ್ತಿಡಬೇಕು. ಸಂಜೆ ಬೂಟು ಬಿಚ್ಚಿದರೆ ಒಂದು ಹಿಡಿ ಗರಸು ಉದುರುತ್ತದೆ.

ಇಂಥದ್ದಕ್ಕೆ ಇಲ್ಲಿನವರು ‘ಕ್ರೀಕ್’ ಅನ್ನುತ್ತಾರೆ. ಕನ್ನಡದಲ್ಲಿ ನಾನು ‘ಹಳ್ಳ’ವನ್ನೇ ಆರಿಸಿದ್ದೇನೆ. ‘ತೊರೆ’ ಅನ್ನಿ ಅಂತ ಬೆಂಗಳೂರಿನ ಗೆಳತಿಯೊಬ್ಬರು ಹೇಳಿದರು. ತೊರೆ ಚೆಂದದ ಪದ, ಆದರೆ ಈಗ ಅದು ಪದ್ಯದಲ್ಲಿ, ಪಾಠದಲ್ಲಿ ಹರಿಯುವಷ್ಟು ಮಾತಿನಲ್ಲಿ ಹರಿಯುವುದಿಲ್ಲ. ‘ಹೊಳೆ’ ಅಂದರೆ ದೊಡ್ಡದಾಯಿತು. ಅವರ ಆಕ್ಷೇಪ ಏನೆಂದರೆ, ಹಳೇ ಮೈಸೂರಿನ ಕಡೆ ಹಳ್ಳ ಅಂದರೆ ಮೊದಲು ಹೊಳೆಯುವುದು ಗುಂಡಿ, ತಗ್ಗು. ರಸ್ತೆ ತುಂಬ ಹಳ್ಳ ಬಿದ್ದಿದೆ ಅನ್ನುತ್ತೇವಲ್ಲ, ಆ ಹಳ್ಳ. ಅವರು ಹೇಳುವುದೂ ನಿಜ. ಪದದ ಹಳೆಯ ರೂಪ ‘ಪಳ್ಳ’. ಪಾಲು ಹಾಲಾದಂತೆ ಪಳ್ಳ ಹಳ್ಳವಾಯಿತು. ತಮಿಳಿನ ‘ಪಳ್ಳಂ’ ಇವತ್ತಿಗೂ ತಗ್ಗೇ. ತಗ್ಗಿದ್ದಲ್ಲಿ ನೀರು ಹರಿಯುತ್ತದೆ, ಹಾಗಾಗಿ ಹರಿಯುವ ನೀರಿಗೂ ಅದೇ ಹೆಸರು ಬಂದಿರಬೇಕು. ಆದರೆ ನಾನು ಗದಗ ಜಿಲ್ಲೆಯವನು. ನಮಗೆ ಹಳ್ಳ ಅಂದರೆ ಹರಿಯುವುದೇ. ಮಲಪ್ರಭೆಗೆ ಸೇರುವ ಬೆಣ್ಣೆಹಳ್ಳವನ್ನು ನೋಡಿದವರು ಯಾರೂ ಅದನ್ನು ಗುಂಡಿ ಅನ್ನಲಾರರು. ಮಳೆಗಾಲ ಬಿಟ್ಟರೆ ಒಣಗಿ ಮಲಗಿರುವ ಹಳ್ಳಗಳೂ ನಮ್ಮಲ್ಲಿ ಬೇಕಾದಷ್ಟಿವೆ. ಅರಿಜೋನಾದ ಉಳಿದ ಬಹುತೇಕ ಹಳ್ಳಗಳು ಹಾಗೇ ಇರುತ್ತವೆ. ನೀರಿದ್ದರೂ ಹಳ್ಳ, ಇಲ್ಲದಿದ್ದರೂ ಹಳ್ಳ. ತೊರೆಗೆ ಆ ಗುಣ ಇಲ್ಲ, ನೀರಿಲ್ಲದ ತೊರೆ ಅಂದರೆ ಏನೋ ಕೊರತೆ ಅನ್ನಿಸುತ್ತದೆ.

ಇನ್ನು ‘ಹಿಡಿದು’ ಬೇಡ ಅಂದರೆ ಅದರ ಜಾಗಕ್ಕೆ ಏನು? ‘ಹಳ್ಳದ ಉದ್ದಕ್ಕೂ’ ಅನ್ನಬಹುದು. ಆದರೆ ಅದು ಕೊನೆ ಮುಟ್ಟುವವರೆಗೆ ಅನ್ನುವ ಅರ್ಥವನ್ನೂ ಹೊರುತ್ತದೆ. ‘ಹಳ್ಳದ ಪಕ್ಕದಲ್ಲಿ’ ಅಂದರೆ ನಿಂತ ಹಾಗೆ. ನಮ್ಮ ಕಡೆ ಇದಕ್ಕೆ ಸರಿಯಾಗಿ ಒಂದು ಮಾತಿದೆ: ‘ಗುಂಟ’. ಹಳ್ಳದ ಗುಂಟ, ದಂಡಿಗುಂಟ, ರಸ್ತೆಗುಂಟ. ನೀರು ಎತ್ತ ತಿರುಗಿದರೆ ಅತ್ತ ತಿರುಗುತ್ತಾ, ಅದರ ಸಂಗ ಬಿಡದೆ ಹೋಗುವುದು ಆ ಒಂದು ಮಾತಿನಲ್ಲಿ ಬಂದುಬಿಡುತ್ತದೆ. ‘ಹಳ್ಳದ ಗುಂಟ ಮೇಲಕ್ಕೆ ಹೋಗಿ.’ ನನಗೆ ಇದಕ್ಕಿಂತ ಒಳ್ಳೆಯ ವಾಕ್ಯ ಹೊಳೆಯುತ್ತಿಲ್ಲ. ಧಾರವಾಡದ ಕಡೆಯ ಬರಹಗಳಲ್ಲಿ ಈ ಪದ ಹಿಂದಿನಿಂದ ಇದೆ, ಆದ್ದರಿಂದ ಇದು ಬರೀ ಆಡುಮಾತು ಅಂತ ತಳ್ಳಬೇಕಿಲ್ಲ. ಮೈಸೂರು, ಮಂಗಳೂರು, ತುಮಕೂರಿನವರಿಗೆ ಇದು ತಟ್ಟನೆ ಅರ್ಥವಾಗುತ್ತದಾ? ದಯವಿಟ್ಟು ಹೇಳಿ, ಇದು ನನಗೆ ಬಹಳ ಮುಖ್ಯ.

ದಂಡೆಯ ವಿಚಾರ ಬಂತು, ಒಂದು ಎಚ್ಚರಿಕೆ. ‘ಎಡದಂಡೆ’, ‘ಬಲದಂಡೆ’ ಅಂತ ಬರೆಯುವ ಹಾಗಿಲ್ಲ. ನೀರಾವರಿಯವರು ನೀರು ಹೋಗುವ ಕಡೆ ಮುಖ ಮಾಡಿ ಎಡ ಬಲ ಎಣಿಸುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆ ಅಂದಾಗ ಲೆಕ್ಕ ಅದೇ. ಅರವೈಪಾ ಹಳ್ಳ ಪಶ್ಚಿಮಕ್ಕೆ ಹರಿದು ಸ್ಯಾನ್ ಪೆಡ್ರೊ ನದಿ ಸೇರುತ್ತದೆ. ನಾವು ಪಶ್ಚಿಮದಿಂದ ಹೊರಟು ನೀರಿಗೆ ಎದುರಾಗಿ ನಡೆಯುತ್ತೇವೆ. ಅವರ ಎಡದಂಡೆ ನಮ್ಮ ಬಲಗೈ ಕಡೆ ಇರುತ್ತದೆ. ಹಾಗಾಗಿ ‘ನಿಮ್ಮ ಬಲಗೈ ಕಡೆಯ ದಂಡೆ’ ಅಂತಲೇ ಬರೆದಿದ್ದೇನೆ. ಉದ್ದವಾದರೂ ಪರವಾಗಿಲ್ಲ.

ಈಗ ‘ಕ್ಯಾನ್ಯನ್’. ಮೇಲೆ ಕೊಳ್ಳ ಅಂತ ಸುಮ್ನೆ ಬರೆದುಬಿಟ್ಟೆ, ಅದಕ್ಕೆ ಕಾರಣ ಕೊಡಬೇಕು. ಎಲ್ಲರೂ ಮೊದಲು ಹೇಳುವುದು ‘ಕಣಿವೆ’. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಜಾಗಕ್ಕೂ ಆ ಪದ ಇತ್ತು. ಹಿರಿಯೂರಿನ ಹತ್ತಿರ ವೇದಾವತಿ ಗುಡ್ಡಗಳ ನಡುವೆ ನುಸುಳಿ ಹೋಗುವ ಜಾಗ ಮಾರಿಕಣಿವೆ. ಅಲ್ಲೇ ಅಡ್ಡಗಟ್ಟಿ ವಾಣಿವಿಲಾಸ ಸಾಗರ ಕಟ್ಟಿದ್ದು. ಆ ಕಣಿವೆ ನನಗೆ ಬೇಕಾದದ್ದಕ್ಕೆ ಹತ್ತಿರ. ಆದರೆ ಆಮೇಲೆ ಕಾಶ್ಮೀರ ಕಣಿವೆ ಬಂತು, ಸಿಲಿಕಾನ್ ಕಣಿವೆ ಬಂತು. ಊರು, ತೋಟ, ಏರ್‌ಪೋರ್ಟ್ ಎಲ್ಲ ಹಿಡಿಸುವಷ್ಟು ಪದ ಅಗಲವಾಗಿಹೋಯಿತು. ಕಣಿವೆ ಅಂದರೆ ಇವತ್ತಿನ ಓದುಗರಿಗೆ ಎರಡು ಗೋಡೆ ಕಾಣುವುದಿಲ್ಲ.

‘ಕಮರಿ’ಯಲ್ಲಿ ಆಳ ಇದೆ. ಆದರೆ ಅದು ಮೇಲಿನಿಂದ ನೋಡುವವರ ಪದ. ಬಸ್ಸು ಕಮರಿಗೆ ಉರುಳುತ್ತದೆ. ಯಾರೂ ಕಮರಿಯಲ್ಲಿ ನಡೆದು ಹೋಗಿ ಬುತ್ತಿ ಬಿಚ್ಚುವುದಿಲ್ಲ. ‘ಕಂದರ’ ಭೂಗೋಳದ ಪುಸ್ತಕದಲ್ಲಿ ಇದೆ, ಅಲ್ಲೇ ಇರಲಿ.

‘ಕೊಳ್ಳ’ ಒಳಗೆ ಹೋಗುವವರ ಪದ. ಬಾದಾಮಿ, ಪಟ್ಟದಕಲ್ಲಿನ ಸುತ್ತ ಹುಲಿಗೆಮ್ಮನ ಕೊಳ್ಳ ಇದೆ, ಸುರೇಬಾನದ ಹತ್ತಿರ ಶಬರಿ ಕೊಳ್ಳ ಇದೆ. ಮರಳುಕಲ್ಲಿನ ಗುಡ್ಡ ಸೀಳಿದ ಕಡೆ, ನೀರು, ನೆರಳು, ಒಂದು ಗುಡಿ. ಜನ ಬುತ್ತಿ ಕಟ್ಟಿಕೊಂಡು ಕೊಳ್ಳಕ್ಕೆ ಹೋಗುತ್ತಾರೆ, ಕೊಳ್ಳದಲ್ಲಿ ಕೂತು ಉಣ್ಣುತ್ತಾರೆ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ತಂಪು. ಅರವೈಪಾಗೆ ಹೋದವರು ಯಾರನ್ನಾದರೂ ಕೇಳಿ, ಮೊದಲು ಹೇಳುವುದು ಆ ತಂಪನ್ನೇ. ಒಂದು ತೊಡಕು ಇದೆ, ಒಪ್ಪುತ್ತೇನೆ. ಪೇಪರಿನಲ್ಲಿ ಕೃಷ್ಣಾ ಕೊಳ್ಳ, ಕಾವೇರಿ ಕೊಳ್ಳ ಅಂದರೆ ಇಡೀ ನದಿಯ ಜಲಾನಯನ. ಆದರೂ ಆ ಅರ್ಥ ನೀರು ಹಂಚಿಕೆಯ ಸುದ್ದಿಯಲ್ಲಿ ಬರುವುದು. ನಡೆಯುವ ದಾರಿಯ ಬಗ್ಗೆ ಓದುವಾಗ ಗೊಂದಲ ಆಗಲಾರದು ಅಂತ ನನ್ನ ನಂಬಿಕೆ.

ಎರಡೂ ಕೈ ಚಾಚಿದರೆ ಗೋಡೆ ಸಿಗುವಷ್ಟು ಇಕ್ಕಟ್ಟಾದದ್ದಕ್ಕೆ ಇಲ್ಲಿ ‘ಸ್ಲಾಟ್ ಕ್ಯಾನ್ಯನ್’ ಅನ್ನುತ್ತಾರೆ. ಅದಕ್ಕೆ ‘ಸಂದಿಗೊಳ್ಳ’ ಅಂತ ಕಟ್ಟಿದ್ದೇನೆ. ಸಂದಿ ಎಲ್ಲರಿಗೂ ಗೊತ್ತು, ಅರ್ಥ ಹೇಳಿಕೊಡಬೇಕಿಲ್ಲ. ಇದಕ್ಕಿಂತ ಚೆನ್ನಾಗಿರುವುದು ಇದ್ದರೆ ಕೊಡಿ.

ನನಗೆ ಹೆಚ್ಚು ಕಾಳಜಿ ಇರುವುದು ಮುಂದಿನ ಪದದ ಬಗ್ಗೆ. ಜೀವದ ಪ್ರಶ್ನೆ ಅದು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಧ್ಯಾಹ್ನದ ಗುಡುಗುಮಳೆ ಬರುತ್ತದೆ. ಮಳೆ ಬೀಳುವುದು ಎಲ್ಲೋ ಮೇಲೆ, ಎಷ್ಟೋ ಮೈಲಿ ದೂರದಲ್ಲಿ. ಒಣಗಿ ಗಟ್ಟಿಯಾದ ನೆಲ, ಬರಿಯ ಬಂಡೆ, ನೀರು ಇಂಗುವುದಿಲ್ಲ. ಎಲ್ಲವೂ ಒಮ್ಮೆಗೇ ಕೊಳ್ಳಕ್ಕೆ ಬರುತ್ತದೆ. ನಡೆಯುವವರ ತಲೆ ಮೇಲೆ ನೀಲಿ ಆಕಾಶ ಇರಬಹುದು. 1997ರ ಆಗಸ್ಟ್ 12ರಂದು ಇದೇ ಅರಿಜೋನಾದ ಆಂಟಿಲೋಪ್ ಸಂದಿಗೊಳ್ಳದಲ್ಲಿ ಹಾಗೆ ಬಂದ ನೀರು 11 ಜನರನ್ನು ಕೊಚ್ಚಿಕೊಂಡು ಹೋಯಿತು. ಅವರಿದ್ದ ಕಡೆ ಹೇಳುವಂಥ ಮಳೆಯೇ ಇರಲಿಲ್ಲ.

ಇದಕ್ಕೆ ಕನ್ನಡ ಪೇಪರುಗಳು ‘ದಿಢೀರ್ ಪ್ರವಾಹ’ ಅಂತ ಬರೆಯುತ್ತವೆ. ಅರ್ಥ ಸರಿ. ಆದರೆ ಪ್ರವಾಹ ಅಂದಾಗ ಕಣ್ಣಿಗೆ ಬರುವುದು ಮನೆಗೆ ನುಗ್ಗಿ ದಿನಗಟ್ಟಲೆ ನಿಂತ ನೀರು, ದೋಣಿ, ಗಂಜಿ ಕೇಂದ್ರ. ಇಲ್ಲಿ ಹಾಗಲ್ಲ, ನಿಂತಲ್ಲಿಂದ ಮೇಲೆ ಹತ್ತುವಷ್ಟು ಹೊತ್ತೂ ಸಿಗದೆ ಹೋಗಬಹುದು. ನಮ್ಮ ಕಡೆ ಹೊಲದಿಂದ ಮರಳುವವರು ಕೂಗಿ ಹೇಳುವ ಮಾತು ಒಂದೇ: ‘ಹಳ್ಳ ಬಂತು!’ ಹಳ್ಳ ಅಲ್ಲೇ ಇತ್ತಲ್ಲ, ಬರುವುದೇನು ಅಂತ ಯಾರೂ ಕೇಳುವುದಿಲ್ಲ. ಕೇಳಿದವರು ಎತ್ತು, ಮಕ್ಕಳನ್ನು ಎಳೆದುಕೊಂಡು ದಂಡೆ ಹತ್ತುತ್ತಾರೆ. ಮೇಲೆ ಮಳೆಯಾಗಿದೆ, ಇಲ್ಲಿಗೆ ನೀರು ಬರುತ್ತಿದೆ, ಈಗಲೇ ಮೇಲೆ ಹೋಗು: ಮೂರೂ ಆ ಎರಡು ಪದಗಳಲ್ಲಿ ಇವೆ. ಹಾಗಾಗಿ ಕೈಪಿಡಿಯಲ್ಲಿ ಹೀಗೆ ಬರೆದಿದ್ದೇನೆ: ‘ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಎಲೆ ಕಸಕಡ್ಡಿ ತೇಲಿಬರಲು ಶುರುವಾದರೆ, ಮೇಲಿನಿಂದ ಮೊರೆತ ಕೇಳಿಸಿದರೆ ಹಳ್ಳ ಬಂತು ಅಂತ ತಿಳಿಯಿರಿ. ಚೀಲ ಬಿಟ್ಟರೂ ಸರಿ, ಮೇಲೆ ಹತ್ತಿ. ನೀರು ಇಳಿಯುವವರೆಗೆ ಹಾಯಬೇಡಿ.’ ಮಲೆನಾಡಿನಲ್ಲಿ ‘ಹೊಳೆ ಬಂತು’ ಅನ್ನುವುದು ಇದೇ ಅರ್ಥದಲ್ಲಾ, ಅಥವಾ ಬರೀ ನೀರು ಏರಿದೆ ಅಂತಲಾ? ಹಳೇ ಮೈಸೂರಿನವರು ‘ಹಳ್ಳ ಬಂತು’ ಅಂತ ಓದಿದರೆ, ನಡೆಯುತ್ತಾ ಒಂದು ಹಳ್ಳ ಸಿಕ್ಕಿತು ಅಂತ ತಿಳಿದುಬಿಡುತ್ತಾರಾ? ಹಾಗೆ ತಿಳಿಯುವ ಸಾಧ್ಯತೆ ಇದ್ದರೆ ಪಕ್ಕದಲ್ಲಿ ‘ದಿಢೀರ್ ಪ್ರವಾಹ’ವನ್ನೂ ಸೇರಿಸುತ್ತೇನೆ. ಇಲ್ಲಿ ಭಾಷೆಯ ಅಂದಕ್ಕಿಂತ ಕಾಲು ಬೇಗ ಎತ್ತುವುದು ದೊಡ್ಡದು.

ಉಳಿದವು ಬೇಗ ಹೇಳುತ್ತೇನೆ. ‘ಟ್ರೇಲ್’ಗೆ ಕಟ್ಟಿದ ಕಡೆ ‘ದಾರಿ’, ಕಾಲು ಸವೆಸಿದ ಕಡೆ ‘ಜಾಡು’. ಪಕ್ಕದಿಂದ ಬಂದು ಸೇರುವ ಸಣ್ಣ ಸೀಳುಗಳಿಗೆ ‘ಕೊರಕಲು’. ಕಾಲು ಹೂತುಹೋಗುವ ಮೆತ್ತನೆಯ ಜಾಗಕ್ಕೆ ‘ಹುದುಲು’. ಊರು, ರಸ್ತೆ, ಫೋನಿನ ಸಿಗ್ನಲ್ ಎಲ್ಲ ಬಿಟ್ಟು ಹೋದ ಮೇಲಿನ ಆ ಬಯಲುಗುಡ್ಡದ ಸೀಮೆಗೆ ‘ಅಡವಿ’. ಕಾಡು ಅಂದರೆ ಮರ ಬೇಕು, ಅಡವಿಗೆ ಮರ ಇರಲೇಬೇಕು ಅಂತಿಲ್ಲ. ನಮ್ಮಲ್ಲಿ ಊರ ಹೊರಗಿನದೆಲ್ಲ ಅಡವಿಯೇ.

ಒಂದಕ್ಕೆ ಮಾತ್ರ ನನ್ನ ಹತ್ತಿರ ಪದ ಇಲ್ಲ. ಹಳ್ಳವನ್ನು ಕಾಲ್ನಡಿಗೆಯಲ್ಲಿ ಹಾಯಲು ಅನುಕೂಲವಾದ, ನೀರು ತೆಳ್ಳಗೆ ಹರಡಿ ಹರಿಯುವ ಜಾಗ. ‘ಹಾಯುವ ಜಾಗ’ ಅಂತ ಸದ್ಯಕ್ಕೆ ಬರೆದಿದ್ದೇನೆ. ‘ಹಾಯ್ಗಡ’ ಅಂತ ನಿಘಂಟಿನಲ್ಲಿ ಸಿಗುತ್ತದೆ, ಬಾಯಲ್ಲಿ ಆಡಿದವರನ್ನು ನಾನು ಕೇಳಿಲ್ಲ. ಕರಾವಳಿಯ ‘ಕಡವು’ ದೋಣಿ ಕಟ್ಟುವ ಜಾಗಕ್ಕೆ ಹತ್ತಿರ. ನಿಮ್ಮ ಊರಿನಲ್ಲಿ ಸಂತೆಗೋ ಶಾಲೆಗೋ ಹಳ್ಳ ಹಾಯ್ದು ಹೋಗುತ್ತಿದ್ದವರು ಮನೆಯಲ್ಲಿ ಇದ್ದರೆ ಕೇಳಿ ನೋಡಿ. ಪದದ ಜೊತೆಗೆ ಊರು, ತಾಲ್ಲೂಕು ಬರೆದರೆ ಉಪಕಾರ.

ನಮಸ್ಕಾರ.