ರಾಜರ ನಿಜವಾದ ಮುಖ ಯಾವುದು? ನಾಣ್ಯದ್ದೋ, ಪ್ರತಿಮೆಯದ್ದೋ, ಮಮ್ಮಿಯದ್ದೋ?

ಹಳೇಪುಟ:
ಎರಡು ದಿನದಿಂದ ಇದೊಂದೇ ತಲೆ ತಿನ್ನುತ್ತಿದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಈಜಿಪ್ಟಿನ ರಾಣಿ ಕ್ಲಿಯೋಪಾತ್ರಳ ಒಂದು ಬೆಳ್ಳಿ ನಾಣ್ಯದ ಫೋಟೊ ನೋಡಿದೆ, ಕ್ರಿ.ಪೂ. 32ರದ್ದು. ಒಂದು ಮಗ್ಗುಲಲ್ಲಿ ಅವಳು, ಇನ್ನೊಂದು ಮಗ್ಗುಲಲ್ಲಿ ಅವಳ ಸಂಗಾತಿ, ರೋಮಿನ ಸೇನಾಪತಿ ಮಾರ್ಕ್ ಆಂಟನಿ. ದೊಡ್ಡದು ಮಾಡಿ ನೋಡಿದರೆ ಗಿಣಿಮೂಗು, ಮುಂದಕ್ಕೆ ಚಾಚಿದ ಗದ್ದ, ಕೂದಲನ್ನು ಬಿಗಿಯಾಗಿ ಹಿಂದಕ್ಕೆಳೆದು ಕಟ್ಟಿದ ತುರುಬು. ಇಷ್ಟು ವರ್ಷ ನನ್ನ ಮನಸ್ಸಿನಲ್ಲಿದ್ದವಳೇ ಬೇರೆ. ಹಣೆಗೆ ನೇರವಾಗಿ ಕತ್ತರಿಸಿದ ಕಪ್ಪು ಕೂದಲು, ಕಣ್ಣಂಚು ದಾಟಿ ಎಳೆದ ಕಾಡಿಗೆ, ನೋಡಿದವರೆಲ್ಲ ಸೋತುಹೋಗುವ ಚೆಲುವು. ಎರಡರಲ್ಲಿ ಯಾವುದನ್ನು ನಂಬಲಿ? ನಾಣ್ಯ ಅವಳು ಬದುಕಿದ್ದಾಗಲೇ ಅಚ್ಚಾದದ್ದು, ಹಾಗಾದರೆ ಅದೇ ಸರಿ ಇರಬೇಕು ಅಲ್ವಾ? ಬೇರೆ ರಾಜರ ಕಥೆಯೂ ಹೀಗೇನಾ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಟಂಕಸಾಲೆ:
ನಾಣ್ಯ ಅವಳ ಕಾಲದ್ದೇ, ನಿಜ. ಆದರೆ ಅದನ್ನು ಫೋಟೊ ಅಂತ ತಿಳಿಯಬೇಡಿ. ಆ ನಾಣ್ಯ ಎರಡು ಸೆಂಟಿಮೀಟರ್ ಅಗಲವೂ ಇಲ್ಲ. ಅಷ್ಟು ಚಿಕ್ಕ ಜಾಗದಲ್ಲಿ ಅಚ್ಚು ಕೊರೆಯುವವನು ಮೂಗು, ಗದ್ದ ಎದ್ದು ಕಾಣುವ ಹಾಗೇ ಕೊರೆಯಬೇಕು. ಕೈಯಿಂದ ಕೈಗೆ ಹೋಗಿ ಸವೆದ ಮೇಲೂ ಯಾರು ಅಂತ ಗುರುತು ಸಿಗಬೇಕಲ್ಲ.

ಇನ್ನೊಂದು ವಿಷಯ ಮನೆತನದ್ದು. ಅವಳ ವಂಶ ಮ್ಯಾಸಿಡೋನಿಯಾದ ಗ್ರೀಕರದ್ದು, ಅಲೆಕ್ಸಾಂಡರನ ಸೇನಾಪತಿ ಟಾಲೆಮಿಯಿಂದ ಶುರುವಾದದ್ದು. ಅಪ್ಪ 12ನೇ ಟಾಲೆಮಿಯ ನಾಣ್ಯವನ್ನು ಪಕ್ಕದಲ್ಲಿಟ್ಟು ನೋಡಿ, ಅಲ್ಲೂ ಬಾಗಿದ ಮೂಗೇ. ತಾನು ಆ ಮನೆಯ ಮಗಳು, ಸಿಂಹಾಸನ ತನ್ನದು ಅಂತ ಸಾರಲಿಕ್ಕೆ ಆ ಮೂಗು ಅವಳಿಗೆ ಬೇಕಿತ್ತು ಅಂತ ನಾನು ನಂಬುತ್ತೇನೆ. ಅದೇ ಹೆಂಗಸು ದೆಂಡೆರಾ ದೇವಾಲಯದ ಗೋಡೆ ಮೇಲೆ ಮಗ ಸಿಸೇರಿಯನ್ ಜೊತೆ ನಿಂತಿದ್ದಾಳೆ. ಅಲ್ಲಿ ಪೂರ್ತಿ ಈಜಿಪ್ಟಿನ ದೇವತೆಯ ವೇಷ, ನಾಣ್ಯದ ಮುಖದ ಸುಳಿವೇ ಇಲ್ಲ.

ಚೆಲುವಿನ ಬಗ್ಗೆ ಗ್ರೀಕ್ ಲೇಖಕ ಪ್ಲೂಟಾರ್ಕ್ ಬರೆದಿದ್ದಾನೆ, ಅದೂ ಅವಳು ಸತ್ತು ನೂರು ವರ್ಷ ಕಳೆದ ಮೇಲೆ. ರೂಪ ಸಾಟಿಯಿಲ್ಲದ್ದೇನೂ ಅಲ್ಲ, ಆದರೆ ಮಾತಿಗೆ ಕೂತರೆ ಎದುರಿದ್ದವರು ಮರುಳಾಗುತ್ತಿದ್ದರು, ಧ್ವನಿ ಕೇಳುವುದೇ ಒಂದು ಸುಖ ಅನ್ನುತ್ತಾನೆ. ಹಲವು ಭಾಷೆ ಮಾತಾಡುತ್ತಿದ್ದಳು, ದುಭಾಷಿ ಬೇಕಾಗುತ್ತಿದ್ದದ್ದು ಅಪರೂಪ. ಇಷ್ಟು ಬುದ್ಧಿವಂತೆಯನ್ನು ನಾವು ಬರೀ ಕಾಡಿಗೆ ಕಣ್ಣಿಗೆ ಇಳಿಸಿಬಿಟ್ಟೆವು, ನನಗೆ ಬೇಜಾರಾಗುವುದು ಅದಕ್ಕೆ.

ಕಲ್ಲುಕುಟಿಗ:
ಪ್ರತಿಮೆಗಳನ್ನಂತೂ ಇನ್ನೂ ಹುಷಾರಾಗಿ ನೋಡಬೇಕು. ರೋಮಿನ ಚಕ್ರವರ್ತಿ ಅಗಸ್ಟಸ್ ಹೆಚ್ಚುಕಡಿಮೆ 76 ವರ್ಷ ಬದುಕಿದ. ಅವನ ಪ್ರತಿಮೆಗಳಲ್ಲಿ ಒಂದರಲ್ಲೂ ಅವನಿಗೆ ಮುಪ್ಪು ಬಂದಿಲ್ಲ. 1863ರಲ್ಲಿ ರೋಮ್ ಹತ್ತಿರದ ಪ್ರೀಮಾ ಪೋರ್ಟಾದಲ್ಲಿ ಸಿಕ್ಕಿದ ಪ್ರತಿಮೆಯನ್ನೇ ತಗೊಳ್ಳಿ, ಎದೆಗವಚ ತೊಟ್ಟು ಕೈ ಎತ್ತಿ ನಿಂತ ಹರೆಯದ ವೀರ. ಅದೇ ರೋಮಿನ ಚರಿತ್ರೆಕಾರ ಸ್ವೀಟೋನಿಯಸ್ ಬರೆದದ್ದು ಓದಿ: ಹಲ್ಲು ಸಂದು ಸಂದು, ಹುಳುಕು, ಹುಬ್ಬು ಕೂಡಿಕೊಂಡಿತ್ತು, ಆಳು ಕುಳ್ಳ, ಎತ್ತರ ಕಾಣಲಿ ಅಂತ ದಪ್ಪ ಅಟ್ಟೆಯ ಪಾದರಕ್ಷೆ ಹಾಕುತ್ತಿದ್ದ. ಜೂಲಿಯಸ್ ಸೀಸರ್ ಬಗ್ಗೆಯೂ ಅವನೇ ಹೇಳುತ್ತಾನೆ, ಬೋಳುತಲೆ ಅಂದರೆ ಸೀಸರನಿಗೆ ಬಹಳ ಸಂಕಟ, ಇದ್ದ ಕೂದಲನ್ನು ಮುಂದಕ್ಕೆ ಬಾಚಿಕೊಳ್ಳುತ್ತಿದ್ದ, ಎಲೆಯ ಕಿರೀಟ ಯಾವಾಗಲೂ ತೊಡಬಹುದು ಅಂತ ಸಿಕ್ಕಿದ ಗೌರವವನ್ನು ಎಲ್ಲಕ್ಕಿಂತ ಖುಷಿಯಿಂದ ತಗೊಂಡ ಅಂತ.

ಮತ್ತೆ ಈಗ ಕಾಣುವ ಆ ಬಿಳಿ ಬಣ್ಣ ಮೂಲದ್ದಲ್ಲ! ಈ ಪ್ರತಿಮೆಗಳಿಗೆಲ್ಲ ಬಣ್ಣ ಬಳಿದಿರುತ್ತಿತ್ತು. ಪ್ರೀಮಾ ಪೋರ್ಟಾದ ಅಗಸ್ಟಸನ ಮೇಲೆ ಕೆಂಪು, ನೀಲಿ ಬಣ್ಣದ ಗುರುತು ಸಿಕ್ಕಿದೆ.

ಮರಳುದಾರಿ:
ಮೂವರನ್ನೂ ಓದಿದೆ. ನನ್ನ ಪ್ರಕಾರ ದೇಹವೇ ಉಳಿದಿದ್ದರೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ. ಈಜಿಪ್ಟಿನ ಫೇರೋ, ಅಂದರೆ ರಾಜ, 2ನೇ ರಾಮ್ಸೆಸ್ ನೋಡಿ. ಅಬು ಸಿಂಬೆಲ್‌ನಲ್ಲಿ ಸುಮಾರು 20 ಮೀಟರ್ ಎತ್ತರದ ನಾಲ್ಕು ಪ್ರತಿಮೆ ಮಾಡಿಸಿದ್ದಾನೆ, ಮುಖ ಉಳಿದಿರುವ ಎಲ್ಲದರಲ್ಲೂ ಅದೇ ದುಂಡು ಕೆನ್ನೆ, ಅದೇ ತೆಳು ನಗು. 66 ವರ್ಷ ಆಳಿದ, ಸಾಯುವಾಗ 90ರ ಹತ್ತಿರ. 1881ರಲ್ಲಿ ಅವನ ಮಮ್ಮಿ ಹೊರಗೆ ಬಂತು, 1976ರಲ್ಲಿ ಪ್ಯಾರಿಸ್‌ಗೆ ಒಯ್ದು ಪರೀಕ್ಷೆ ಮಾಡಿದರು. ಉದ್ದ ಮುಖ, ಬಾಗಿದ ಮೂಗು, ಕೀಲುಗಳು ಹಿಡಿದುಕೊಂಡು ಬೆನ್ನು ಬಾಗಿದೆ, ದವಡೆಯಲ್ಲಿ ಕೀವಾದ ಗುರುತು. ತಲೆಯಲ್ಲಿ ಇನ್ನೂ ಕೂದಲಿದೆ, ಅದರ ಮೂಲ ಬಣ್ಣ ಕೆಂಚು ಅಂತ ಪರೀಕ್ಷಿಸಿದವರು ಹೇಳಿದರು. ಕೆಂಚುಗೂದಲಿನ ಫೇರೋ, ಯಾರಾದರೂ ಅಂದುಕೊಂಡಿದ್ದರಾ?

ಆ ಮೂಗು ಉಳಿದದ್ದು ಹೇಗೆ ಗೊತ್ತಾ? ಬಟ್ಟೆ ಸುತ್ತುವಾಗ ಅಪ್ಪಚ್ಚಿ ಆಗಬಾರದು ಅಂತ ಮೂಗಿನ ಹೊಳ್ಳೆಯೊಳಗೆ ಕಾಳುಮೆಣಸು ತುಂಬಿದ್ದರು. ಕ್ರಿ.ಪೂ. 1213ರಲ್ಲಿ ತುಂಬಿದ ಮೆಣಸು ಅದು. ನನಗೆ ಆ ನಾಲ್ಕು ದೊಡ್ಡ ಪ್ರತಿಮೆಗಿಂತ ಈ ಮೂಗೇ ಜಾಸ್ತಿ ಹತ್ತಿರ ಅನ್ನಿಸುತ್ತದೆ. ಹಲ್ಲುನೋವಿನಲ್ಲಿ ನರಳಿದ ಒಬ್ಬ ಮುದುಕ ಅಲ್ಲಿದ್ದಾನೆ.

ಟಂಕಸಾಲೆ:
ಮರಳುದಾರಿ ಅವರೇ, ದೇಹ ಇದ್ದರೂ ಅಷ್ಟು ಸುಲಭ ಅಲ್ಲ. ಈಜಿಪ್ಟಿನ ಇನ್ನೊಬ್ಬ ರಾಜ ಟುಟಾಂಖಾಮನ್ ದೇಹವೂ ಇದೆ, 2005ರಲ್ಲಿ ಸಿಟಿ ಸ್ಕ್ಯಾನ್ ಆಯಿತು. ಅದನ್ನಿಟ್ಟುಕೊಂಡು ಫ್ರೆಂಚ್, ಅಮೆರಿಕನ್, ಈಜಿಪ್ಟಿನ ಮೂರು ತಂಡ ಬೇರೆ ಬೇರೆಯಾಗಿ ಮುಖ ಕಟ್ಟಿದವು. ಅಮೆರಿಕದ ತಂಡಕ್ಕೆ ಯಾರ ಬುರುಡೆ ಅಂತಲೇ ಹೇಳಿರಲಿಲ್ಲ. ತಲೆಯ ಆಕಾರ ಮೂವರದ್ದೂ ಹತ್ತಿರ ಹತ್ತಿರ ಬಂತು, ಮೂಗಿನ ತುದಿ, ಕಿವಿ ಬೇರೆ ಬೇರೆ. ಯಾಕೆ ಅಂದ್ರೆ ಅಲ್ಲಿ ಮೂಳೆ ಇಲ್ಲ. ಮೈಬಣ್ಣವನ್ನೂ ಬುರುಡೆ ಹೇಳುವುದಿಲ್ಲ.

ಆದರೆ ಮುಖ ಬಿಟ್ಟು ಮೈ ನೋಡಿದರೆ ನಿಮ್ಮ ಮಾತು ಒಪ್ಪುತ್ತೇನೆ. ಸಮಾಧಿಯ ಪೆಟ್ಟಿಗೆ ಮೇಲೆ ಅವನು ರಥದಲ್ಲಿ ನಿಂತು ಶತ್ರುಗಳ ಮೇಲೆ ಬಾಣ ಬಿಡುತ್ತಾನೆ. ಅದೇ ಸಮಾಧಿಯಲ್ಲಿ ಸುಮಾರು 130 ಊರುಗೋಲು ಸಿಕ್ಕಿವೆ. ಎಡಪಾದ ಸೊಟ್ಟಗಿತ್ತು ಅಂತ 2010ರ ಅಧ್ಯಯನ ಹೇಳಿತು, ಒಪ್ಪದ ತಜ್ಞರೂ ಇದ್ದಾರೆ. ಸತ್ತಾಗ 19ರ ಆಸುಪಾಸು, ಪಾಪ.

ಹಳೇಪುಟ:
ಎಲ್ಲರಿಗೂ ಥ್ಯಾಂಕ್ಸ್, ಕೇಳಿದ್ದಕ್ಕಿಂತ ಜಾಸ್ತಿ ಸಿಕ್ಕಿತು. ಒಂದು ಕೊನೇ ಪ್ರಶ್ನೆ. ಅಶೋಕನ ಮುಖ ಎಲ್ಲಾದರೂ ಉಳಿದಿದೆಯಾ?

ಕಲ್ಲುಕುಟಿಗ:
ಭೀಮಾ ದಡದ ಕನಗನಹಳ್ಳಿಯ ಸ್ತೂಪದಲ್ಲಿ ಒಂದು ಉಬ್ಬುಶಿಲ್ಪ ಇದೆ, ರಾಣಿ ಮತ್ತು ಪರಿವಾರದ ಜೊತೆ ಒಬ್ಬ ರಾಜ, ಬ್ರಾಹ್ಮಿ ಲಿಪಿಯಲ್ಲಿ 'ರಾಯೊ ಅಸೋಕೊ' ಅಂತ ಕೆತ್ತಿದ್ದಾರೆ. ಹೆಸರು ಓದಿದಾಗ ಮೈ ಜುಮ್ಮೆನ್ನುತ್ತದೆ. ಆದರೆ ಅದು ಅಶೋಕ ಸತ್ತು ನೂರಕ್ಕೂ ಹೆಚ್ಚು ವರ್ಷ ಆದಮೇಲೆ ಮಾಡಿದ್ದು. ಶಿಲ್ಪಿ ಅವನನ್ನು ನೋಡಿರಲಿಲ್ಲ.

ಕನಿಷ್ಕನದ್ದು ಇದಕ್ಕೆ ಉಲ್ಟಾ. ಮಥುರಾ ಹತ್ತಿರದ ಮಾಟ್‌ನಲ್ಲಿ 1911ರಲ್ಲಿ ಸಿಕ್ಕಿದ ಪ್ರತಿಮೆಗೆ ತಲೆಯೇ ಇಲ್ಲ. ಉದ್ದ ಕೋಟು, ಕತ್ತಿ, ಎರಡೂ ಕಡೆಗೆ ತಿರುಗಿಸಿ ಊರಿದ ಭಾರಿ ಬೂಟು, ಕೋಟಿನ ಮೇಲೇ ಹೆಸರು. ಅವನ ಚಿನ್ನದ ನಾಣ್ಯ ತೆಗೆದು ನೋಡಿ, ಅದೇ ಕೋಟು, ಅದೇ ಬೂಟು, ಮೇಲೊಂದು ಗಡ್ಡದ ಮುಖ.