ಎರಡು ಕೆರೆ, ಎರಡು ಸೈಜಿನ ನೀರುಚಿಗಟ: ಯಾಕೆ ಹೀಗೆ?

ಗೋಣಿಕೊಪ್ಪದ ಬೆಳೆಗಾರ:
ನಮ್ಮ ತೋಟದಲ್ಲಿ ಎರಡು ಕೆರೆ ಇವೆ. ಗದ್ದೆ ಪಕ್ಕದ್ದರಲ್ಲಿ ಕಾಟ್ಲಾ ಬಿಟ್ಟಿದ್ದೇವೆ. ಮೇಲಿನದು ರೊಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಹಾಕಿದ ಮೇಲೆ ಬತ್ತಿ ಹೋಗುತ್ತದೆ, ಹಾಗಾಗಿ ಮೀನಿಲ್ಲ. ತುಲಾ ಸಂಕ್ರಮಣದ ರಜೆಯಲ್ಲಿ ಮಗಳ ಪ್ರಾಜೆಕ್ಟಿಗೆಂದು ಹಳೇ ಪಂಚೆಯಲ್ಲಿ ಎರಡರ ನೀರನ್ನೂ ಸೋಸಿ ನೀರುಚಿಗಟ ಹಿಡಿದೆವು, ಚುಕ್ಕೆಯಂತೆ ಕಾಣುವ ಪುಟ್ಟ ಜಲಜೀವಿ ಅದು. ಮೇಲಿನ ಕೆರೆಯ ನೀರುಚಿಗಟ ಗ್ರಾಫ್ ಹಾಳೆಯ ಮೇಲೆ ಹೆಚ್ಚುಕಡಿಮೆ 2 ಮಿಲಿಮೀಟರ್. ಬೆನ್ನಿನ ಚೀಲದಲ್ಲಿ 10-12 ಮೊಟ್ಟೆ. ಕೆಳಗಿನವು ಅರ್ಧದಷ್ಟೂ ಇಲ್ಲ, ಮೊಟ್ಟೆ ಎರಡೋ ಮೂರೋ. ಆದರೆ ಕೆಳಗಿನ ನೀರೇ ಜಾಸ್ತಿ ಹಸಿರು! ಊಟ ಇದ್ದಲ್ಲಿ ದಪ್ಪಗಿರಬೇಕಿತ್ತು ಅಲ್ವಾ? ತೋಟಕ್ಕೆ ಹೊಡೆದ ಬೋರ್ಡೋ ದ್ರಾವಣದ ಮೈಲುತುತ್ತ (ತಾಮ್ರದ ಲವಣ) ಕೆಳಗಿನ ಕೆರೆಗೆ ಇಳಿದು ಬಂದಿರಬಹುದಾ ಅಂತ ನನಗೆ ಅನುಮಾನ.

ಮಡಿಕೇರಿಯ ಮೇಷ್ಟ್ರು:
ತಾಮ್ರ ನೀರುಚಿಗಟಕ್ಕೆ ವಿಷವೇ. ಆದರೆ ಪಾಚಿಗೂ ಅದು ಆಗುವುದಿಲ್ಲ, ನಿಮ್ಮ ನೀರು ಹಸಿರಾಗಿದೆ. ನನ್ನ ಅನುಮಾನ ಮೀನಿನ ಮೇಲೆ. ಕಾಟ್ಲಾ ಕಿವಿರಿನಲ್ಲಿ ನೀರು ಸೋಸುತ್ತದೆ. ದೊಡ್ಡದು ಸಿಕ್ಕಿಕೊಳ್ಳುತ್ತದೆ, ಪುಟ್ಟದು ನುಣುಚಿಕೊಳ್ಳುತ್ತದೆ. ಜೊತೆಗೆ ಸೇರಿಕೊಂಡ ಪುಡಿಮೀನು ಕಣ್ಣಿಂದ ನೋಡಿಯೇ ದೊಡ್ಡವನ್ನು ಹೆಕ್ಕುತ್ತವೆ. ಪಾಚಿಯನ್ನು ಬೇಗ ಸೋಸಿ ತಿನ್ನುವುದೂ ದೊಡ್ಡವೇ. ಅವು ಹೋದರೆ ನೀರು ಹಸಿರಾಗಿಯೇ ಉಳಿಯುತ್ತದೆ. 1965ರಲ್ಲಿ ಬ್ರೂಕ್ಸ್ ಮತ್ತು ಡಾಡ್ಸನ್ ಎಂಬ ವಿಜ್ಞಾನಿಗಳು ಅಮೆರಿಕದ ಕನೆಕ್ಟಿಕಟ್‌ನ ಕ್ರಿಸ್ಟಲ್ ಕೆರೆಯ ಬಗ್ಗೆ ಬರೆದದ್ದೂ ಇದನ್ನೇ. ಹೆರಿಂಗ್ ಜಾತಿಯ ಮೀನು ಬಂದ ಮೇಲೆ ಡಾಫ್ನಿಯಾ ಎಂಬ ದೊಡ್ಡ ಜಾತಿಯ ನೀರುಚಿಗಟ ಹೋಗಿ ಬೋಸ್ಮಿನಾ ಎಂಬ ಪುಟ್ಟ ಜಾತಿಯವು ತುಂಬಿಕೊಂಡವು.

ಮೊಟ್ಟೆಯ ಲೆಕ್ಕ ಸುಲಭ. ಚೀಲ ಬೆನ್ನಿನ ಚಿಪ್ಪಿನೊಳಗೇ ಇರುತ್ತದೆ, ಮೈ ಸಣ್ಣದಾದರೆ ಜಾಗವೂ ಕಡಿಮೆ. ಇನ್ನೊಂದು ವಿಚಿತ್ರ: ನೀರಲ್ಲಿ ಮೀನಿನ ವಾಸನೆ ಇದ್ದರೆ ಡಾಫ್ನಿಯಾ ಸಣ್ಣಗಿರುವಾಗಲೇ ಮೊಟ್ಟೆ ಇಡುತ್ತದೆ. ದೊಡ್ಡದಾಗುವ ತನಕ ಬದುಕಿರುತ್ತೇವೆ ಅನ್ನೋ ಗ್ಯಾರಂಟಿ ಎಲ್ಲಿ?

ಕುಶಾಲನಗರದಿಂದ:
ಅಕ್ವೇರಿಯಂ ಮೀನಿನ ಊಟಕ್ಕೆಂದು ಮೊಯ್ನಾ ಅನ್ನೋ ಪುಟ್ಟ ಜಾತಿಯ ನೀರುಚಿಗಟ ಸಾಕುತ್ತೇನೆ. ಎರಡೇ ಮೊಟ್ಟೆ ಅಂತ ಹಗುರವಾಗಿ ನೋಡಬೇಡಿ. ಬೆಚ್ಚಗಿನ ನೀರಲ್ಲಿ ಅದು ಹುಟ್ಟಿ 4-5 ದಿನಕ್ಕೇ ಮರಿ ಹಾಕುತ್ತದೆ, ಗಂಡು ಬೇಕೂ ಇಲ್ಲ. ಬಕೆಟ್ ತುಂಬಿ ಕಿಕ್ಕಿರಿದಾಗ ಮಾತ್ರ ಗಂಡು ಕಾಣಿಸುತ್ತವೆ. ಆಗ ಹೆಣ್ಣಿನ ಬೆನ್ನ ಮೇಲೆ ಕಪ್ಪು ಜೀನಿನಂಥ ಗಟ್ಟಿ ಮೊಟ್ಟೆಚೀಲ. ನಿಮ್ಮ ಮೇಲಿನ ಕೆರೆ ಪ್ರತಿ ವರ್ಷ ಬತ್ತಿದರೂ ಚಿಗಟ ವಾಪಸ್ ಬರುವುದು ಒಣ ಕೆಸರಲ್ಲಿ ಉಳಿದ ಆ ಮೊಟ್ಟೆಗಳಿಂದಲೇ. ಅಂದಹಾಗೆ, ಕೆಳಗಿನವಕ್ಕೆ ಬಾಲದ ಮುಳ್ಳು ಇದೆಯಾ? ಮೊಯ್ನಾಗೆ ಅದು ಇರುವುದಿಲ್ಲ.

ಗೋಣಿಕೊಪ್ಪದ ಬೆಳೆಗಾರ:
ಲೆನ್ಸ್ ಹಿಡಿದು ಮತ್ತೆ ನೋಡಿದೆ. ಮೇಲಿನವಕ್ಕೆ ಮುಳ್ಳಿದೆ, ಕೊಕ್ಕಿನಂಥ ಮೂತಿಯೂ ಇದೆ. ಕೆಳಗಿನವಕ್ಕೆ ಎರಡೂ ಇಲ್ಲ, ತಲೆ ಗುಂಡಗೆ. ಬೇರೆ ಜಾತಿಯನ್ನೇ ತಂದು ಹೋಲಿಸಿ ತಲೆ ಕೆಡಿಸಿಕೊಂಡೆ ನೋಡಿ! ಮೇಷ್ಟ್ರ ವಾಸನೆ ವಿಷಯ ಕೇಳಿ ಮಗಳು ಮೇಲಿನ ಕೆರೆಗೆ ನಾಲ್ಕು ಗಪ್ಪಿ ಬಿಡೋಣ ಅಂತಿದ್ದಾಳೆ. ಸುಮ್ನೆ ಕೆರೆ ಕೆಡಿಸಬೇಡ, ಡ್ರಮ್ಮಿನಲ್ಲಿ ಮಾಡು ಅಂದಿದ್ದೇನೆ.