ಸಹಾಯ ಬೇಕು: ಯುವಜನರ ಪ್ರವಾಸದಲ್ಲಿ ರಾತ್ರಿ ಪ್ರಾರ್ಥನೆ ಹೇಗೆ ನಡೆಸಲಿ?

ನಾವು ಕಾಸರಗೋಡಿನ ಬೇಳ ಕಡೆಯವರು. ಮುಂದಿನ ತಿಂಗಳು ನಮ್ಮ ಇಗರ್ಜಿಯ (ಚರ್ಚಿನ) 16 ಮಕ್ಕಳನ್ನು ಎರಡು ದಿನ ಕಾರ್ಕಳದ ಅತ್ತೂರು ಇಗರ್ಜಿಗೆ ಕರೆದುಕೊಂಡು ಹೋಗಬೇಕು. ಎಲ್ಲರೂ ಹೈಸ್ಕೂಲು, ಪ್ಲಸ್ ಟು ವಯಸ್ಸಿನವರು. ಬಸ್ಸು, ಊಟ, ಮನೆಯವರ ಒಪ್ಪಿಗೆ ಎಲ್ಲ ಆಗಿದೆ. ತಲೆನೋವು ರಾತ್ರಿ ಪ್ರಾರ್ಥನೆಯದ್ದು.

ಕಳೆದ ವರ್ಷ ಬೈಬಲಿನಿಂದ ಲೂಕನ 24ನೇ ಅಧ್ಯಾಯ ಓದಿಸಿದೆ. ಎಮ್ಮಾವು ಊರಿನ ದಾರಿಯಲ್ಲಿ, ಸತ್ತು ಎದ್ದುಬಂದ ಯೇಸು ಜೊತೆಗೇ ನಡೆದರೂ ಇಬ್ಬರು ಶಿಷ್ಯರಿಗೆ ಗುರುತು ಸಿಗದ ಕಥೆ. "ನಿಮಗೇನು ಅನ್ನಿಸಿತು?" ಅಂತ ಕೇಳಿದರೆ ಎಲ್ಲರೂ ಚಾಪೆಯ ಅಂಚು ಕೀಳುತ್ತಾ ಕೂತರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕೆಲವರಿಗೆ ಕನ್ನಡ, ಕೆಲವರಿಗೆ ಮಲಯಾಳಂ. ಭಾಷೆಯ ತೊಡಕೇನೋ ಅಂತ ಕೊಂಕಣಿಯಲ್ಲೇ ಕೇಳಿದೆ. ಆಗಲೂ ಮೌನ. ಚೀಟಿಯಲ್ಲಿ ಬರೆಸಿದರೆ ಸುಮ್ನೆ "ಚೆನ್ನಾಗಿತ್ತು" ಅಂತ ಬರೆದರು.

ಆದರೆ ಮಾರನೇ ದಿನ ಪಾತ್ರೆ ತೊಳೆಯುವಾಗ ಒಬ್ಬ ಹುಡುಗ ತಾನಾಗಿಯೇ, "ಅಕ್ಕ, ಅಜ್ಜಿ ತೀರಿಹೋದ ಮೇಲೆ ನಂಗೆ ತೇರ್ಸ್ ಹೇಳ್ಲಿಕ್ಕೇ ಆಗುದಿಲ್ಲ" ಅಂದ. (ತೇರ್ಸ್ ಅಂದ್ರೆ ಜಪಮಾಲೆ ಪ್ರಾರ್ಥನೆ.) ನನಗೆ ಉತ್ತರ ಹೊಳೆಯಲಿಲ್ಲ. ನಿಜ ಹೇಳಬೇಕಂದ್ರೆ, ತಲೆ ಎಣಿಸುವುದರಲ್ಲೇ ಮುಳುಗಿ ನಾನೂ ಆ ಎರಡು ದಿನ ಸರಿಯಾಗಿ ಪ್ರಾರ್ಥನೆ ಮಾಡಿರಲಿಲ್ಲ.

ಈ ಸಲ ರಾತ್ರಿ ಎಲ್ಲರನ್ನೂ ಸುತ್ತ ಕೂರಿಸಿ ಕೇಳುವುದನ್ನೇ ಬಿಟ್ಟು, ನಡೆಯುವಾಗ, ಕೆಲಸ ಮಾಡುವಾಗ ಇಬ್ಬಿಬ್ಬರನ್ನೇ ಮಾತಾಡಿಸಿದರೆ ಸಾಕಾ? ಹಾಗೆ ಮಾಡಿದವರಿದ್ದರೆ, ಮೊದಲ ಪ್ರಶ್ನೆ ಏನು ಕೇಳಿದಿರಿ?